ಹಳೇ ಮರದ ಸಾಮಾನಿಗೆ ಹೊಸ ಬಣ್ಣ: ಡಬ್ಬಿ ತೆರೆಯುವ ಮೊದಲು ಗೊತ್ತಿರಬೇಕಾದ್ದು

ತುಮಕೂರು ಸುತ್ತಮುತ್ತ ಹಳೇ ಮನೆಗಳು ಒಂದೊಂದಾಗಿ ನೆಲ ಕಾಣುತ್ತಿವೆ. ಗುಬ್ಬಿ, ತಿಪಟೂರು, ತುರುವೇಕೆರೆ ಕಡೆ ತೊಟ್ಟಿ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟುವಾಗ, ಇಲ್ಲವೇ ಅಣ್ಣತಮ್ಮಂದಿರು ಭಾಗವಾದಾಗ, ಅಟ್ಟದ ಮೇಲಿದ್ದ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ. ಹಲಸಿನ ಮರದ ಪೆಟ್ಟಿಗೆ, ಕಡೆದ ಕಾಲಿನ ಮಂಚ, ಅಜ್ಜ ಲೆಕ್ಕ ಬರೆಯುತ್ತಿದ್ದ ಡೆಸ್ಕು, ಬೆತ್ತ ಹರಿದ ಕುರ್ಚಿ. ಎಷ್ಟೋ ಗುಜರಿಗೆ ಹೋಗುತ್ತದೆ. ಉಳಿದದ್ದು ಸಿಟಿ ಮನೆಗೆ ಬರುತ್ತದೆ, ಆಮೇಲೆ ಶುರುವಾಗುತ್ತದೆ ಪ್ರಶ್ನೆ: ಇದಕ್ಕೆ ಪೇಂಟ್ ಹೊಡೆಯೋದಾ, ಪಾಲಿಶ್ ಮಾಡಿಸೋದಾ?

ಫೋನಿನಲ್ಲಿ ಒಂದು ನಿಮಿಷದ ವಿಡಿಯೊ ನೋಡಿದರೆ ಎಲ್ಲ ಸಲೀಸು ಅನ್ನಿಸುತ್ತದೆ. ಡಬ್ಬಿ ತೆರೆ, ಬ್ರಷ್ ಅದ್ದು, ಬಳಿ. ಕೆಲವು ತಿಂಗಳಿಗೆ ಅದೇ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಇಲ್ಲವೇ ಬಿಳಿ ಬಣ್ಣದ ಮೇಲೆ ಹಳದಿ ಕಲೆ ಮೂಡುತ್ತದೆ. ಆಗ ಬೈಸಿಕೊಳ್ಳುವುದು ಪೇಂಟ್ ಕಂಪನಿ. ಆದರೆ ಹೆಚ್ಚಿನ ಸಲ ತಪ್ಪು ಡಬ್ಬಿಯೊಳಗಿನದ್ದಲ್ಲ. ಹಳೇ ಸಾಮಾನಿನಲ್ಲಿ ಹೊಸ ಬಣ್ಣ ಕೂರುವುದು ಮರದ ಮೇಲಲ್ಲ, ಮರದ ಮೇಲೆ ಆಗಲೇ ಇರುವ ಪದರದ ಮೇಲೆ. ಆ ಪದರ ಏನು ಅಂತ ತಿಳಿದರೆ ಅರ್ಧ ಕೆಲಸ ಮುಗಿದಂತೆ.

## ಮರ ಯಾವುದು, ಗಟ್ಟಿ ಮರವೇನಾ?

ಚೇಳೂರಿನ ಹಲಸಿನ ಸಂತೆ ನೋಡಿದವರಿಗೆ ಗೊತ್ತು, ಈ ಭಾಗದಲ್ಲಿ ಹಲಸು ಎಷ್ಟಿದೆ ಅಂತ. ಹಾಗಾಗಿ ಇಲ್ಲಿನ ಹಳೇ ಸಾಮಾನಿನಲ್ಲಿ ಹಲಸಿನ ಮರ ಸಾಮಾನ್ಯ. ಹೊಸದಾಗಿ ಕೊಯ್ದಾಗ ಅದು ಹಳದಿ. ವರ್ಷ ಕಳೆದಂತೆ ಬೆಳಕಿಗೆ ಗಾಳಿಗೆ ಕಂದು ಬಣ್ಣಕ್ಕೆ ತಿರುಗುತ್ತದೆ. ಉಜ್ಜಿದರೆ ಒಳಗಿನ ಹಳದಿ ಮತ್ತೆ ಹೊರಗೆ ಬರುತ್ತದೆ. ಅದಕ್ಕೇ ಹಲಸಿನ ಹಲಗೆಯ ಒಂದು ಮೂಲೆಯನ್ನಷ್ಟೇ ಉಜ್ಜಬಾರದು. ಉಜ್ಜಿದರೆ ಇಡೀ ಹಲಗೆ ಉಜ್ಜಿ, ಇಲ್ಲದಿದ್ದರೆ ಬಿಡಿ. ತೇಗ ಹೊಂಬಣ್ಣ ಬೆರೆತ ಕಂದು, ಮುಟ್ಟಿದರೆ ಸ್ವಲ್ಪ ಎಣ್ಣೆ ಎಣ್ಣೆ. ಬೀಟೆ ಕಪ್ಪು ಛಾಯೆಯದ್ದು, ಎತ್ತಿದರೇ ಭಾರ ಗೊತ್ತಾಗುತ್ತದೆ.

ಇನ್ನೊಂದು ನೋಡಬೇಕು. ಕೆಲವು ಸಾಮಾನು ಇಡೀ ಮರವಲ್ಲ. ಪ್ಲೈವುಡ್ ಮೇಲೆ ಒಳ್ಳೆ ಮರದ ತೆಳು ಹಾಳೆ ಅಂಟಿಸಿರುತ್ತಾರೆ, ಅದನ್ನು ವೆನೀರ್ ಅನ್ನುತ್ತಾರೆ. ಹಲಗೆಯ ಅಂಚು ನೋಡಿ. ಮೇಲ್ಮೈನ ಎಳೆ ಅಂಚಿನಲ್ಲೂ ಮುಂದುವರಿದಿದ್ದರೆ ಗಟ್ಟಿ ಮರ. ಅಂಚಿನಲ್ಲಿ ಪದರ ಪದರ ಕಂಡರೆ, ಅಥವಾ ಪಟ್ಟಿ ಅಂಟಿಸಿ ಮುಚ್ಚಿದ್ದರೆ, ವೆನೀರ್ ಇರಬಹುದು. ಈಗಿನ ವೆನೀರ್ 1 ಮಿಲಿಮೀಟರಿಗಿಂತಲೂ ತೆಳು. ಮೆಷಿನ್ ಹಿಡಿದು ಉಜ್ಜಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ತೂತು ಬೀಳುತ್ತದೆ. ಅದಕ್ಕೆ ಕೈಯಲ್ಲೇ, ನಯವಾದ ಕಾಗದದಲ್ಲೇ ಉಜ್ಜಬೇಕು.

## ಮೇಲಿರುವ ಪದರ ಯಾವುದು: ಹತ್ತಿಯ ಪರೀಕ್ಷೆ

ಇದು ಎಲ್ಲಕ್ಕಿಂತ ಮುಖ್ಯ, ಆದರೆ ಬಹಳ ಜನ ಬಿಟ್ಟುಬಿಡುವ ಹೆಜ್ಜೆ. ಬೇಕಾಗಿರುವುದು ಸ್ವಲ್ಪ ಹತ್ತಿ, ಮೆಡಿಕಲ್ ಶಾಪಿನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ ಮತ್ತು ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್.

ಯಾರಿಗೂ ಕಾಣದ ಜಾಗ ಆರಿಸಿಕೊಳ್ಳಿ, ಕಾಲಿನ ಒಳಮೈ ಇದ್ದರೆ ಒಳ್ಳೆಯದು. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಅಲ್ಲಿ ಒತ್ತಿ ಹಿಡಿಯಿರಿ. ಒಂದೆರಡು ನಿಮಿಷದಲ್ಲಿ ಆ ಜಾಗ ಅಂಟಂಟಾಗಿ, ಹತ್ತಿಗೆ ಕಂದು ಬಣ್ಣ ಬಂದರೆ ಅದು ಫ್ರೆಂಚ್ ಪಾಲಿಶ್, ಅಂದರೆ ಅರಗಿನ ಪಾಲಿಶ್. ಏನೂ ಆಗಲಿಲ್ಲವಾ? ಪಕ್ಕದಲ್ಲೇ ಇನ್ನೊಂದು ಹತ್ತಿಗೆ ಥಿನ್ನರ್ ಹಾಕಿ ಒತ್ತಿ. ಈಗ ಕರಗಿ ಮೆತ್ತಗಾದರೆ ಅದು ಲ್ಯಾಕರ್, ಅಂದರೆ ಥಿನ್ನರ್‌ನಲ್ಲಿ ಕರಗಿಸಿ ಹಚ್ಚುವ ಪಾಲಿಶ್. ಎರಡಕ್ಕೂ ಕರಗಲಿಲ್ಲ ಅಂದರೆ ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್) ಥರದ ಗಟ್ಟಿ ಪದರ. ಬಣ್ಣ ಬಳಿದ ಸಾಮಾನಾದರೆ ಬಹುತೇಕ ಎಣ್ಣೆ ಬಣ್ಣ, ಅಂಗಡಿಯವರು ಇನಾಮೆಲ್ ಅನ್ನುವುದು ಅದನ್ನೇ. ಅದೂ ಸ್ಪಿರಿಟ್‌ಗೆ ಜಗ್ಗುವುದಿಲ್ಲ. ಥಿನ್ನರ್ ಜಾಸ್ತಿ ಹೊತ್ತು ಇಟ್ಟರೆ ಸುಕ್ಕುಗಟ್ಟಿ ಏಳುತ್ತದೆ.

ಈ ಪರೀಕ್ಷೆಯಿಂದ ಏನು ಲಾಭ? ಕರಗುವ ಪದರವನ್ನು ಪೂರ್ತಿ ಕಿತ್ತು ಹಾಕಬೇಕಿಲ್ಲ. ಅರಗಿನ ಪಾಲಿಶ್ ಮೇಲೆ ಹೊಸ ಅರಗಿನ ಪಾಲಿಶ್ ಹಚ್ಚಿದರೆ ಹೊಸದು ಹಳೆಯದನ್ನು ಸ್ವಲ್ಪ ಕರಗಿಸಿ ಅದರೊಳಗೇ ಸೇರಿಕೊಳ್ಳುತ್ತದೆ. ಎರಡೂ ಒಂದೇ ಪದರವಾಗುತ್ತವೆ. ಇನಾಮೆಲ್, ಮೆಲಮೈನ್, ಪಿಯು ಹಾಗಲ್ಲ. ಅವು ಒಣಗುವಾಗ ರಾಸಾಯನಿಕವಾಗಿಯೇ ಬದಲಾಗಿ ಗಟ್ಟಿಯಾಗಿರುತ್ತವೆ, ಮತ್ತೆ ಕರಗಿ ಬೆರೆಯುವುದಿಲ್ಲ. ಅವುಗಳ ಮೇಲೆ ಹೊಸ ಬಣ್ಣ ನಿಲ್ಲಬೇಕಾದರೆ ಮೇಲ್ಮೈಯನ್ನು ತರಿತರಿ ಮಾಡಲೇಬೇಕು. ಉಜ್ಜುವುದರ ನಿಜವಾದ ಉದ್ದೇಶ ಇದು. ಹೊಳೆಯುವ ನುಣುಪು ಪದರದಲ್ಲಿ ಬಣ್ಣಕ್ಕೆ ಹಿಡಿತ ಸಿಗುವುದಿಲ್ಲ. ಸಣ್ಣ ಸಣ್ಣ ಗೀರು ಇದ್ದರೆ ಬಣ್ಣ ಅದರೊಳಗೆ ಇಳಿದು ಕಚ್ಚಿಕೊಳ್ಳುತ್ತದೆ.

## ಹಳೇ ಬಣ್ಣ ಇದ್ದರೆ ಸೀಸದ ವಿಚಾರ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ವಿಶೇಷವಾಗಿ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ.

ಬಣ್ಣಕ್ಕೆ ಹೊಳಪು ಬರಲಿ, ಬೇಗ ಒಣಗಲಿ, ಬಣ್ಣ ಮಾಸದಿರಲಿ ಅಂತ ಬಹಳ ಕಾಲ ಎಣ್ಣೆ ಬಣ್ಣಗಳಿಗೆ ಸೀಸ ಬೆರೆಸುತ್ತಿದ್ದರು. ಹಳದಿ, ಕೇಸರಿ, ಕೆಂಪು, ಹಸಿರಿನಂಥ ಗಾಢ ಬಣ್ಣಗಳಲ್ಲಿ ಇದು ಜಾಸ್ತಿ. ಮನೆಗೆ ಬಳಸುವ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. 90 ಪಿಪಿಎಂ ಅಂದರೆ ಒಣಗಿದ ಬಣ್ಣದ 10 ಲಕ್ಷ ಭಾಗದಲ್ಲಿ ಸೀಸ 90 ಭಾಗ. ಹಾಗಾಗಿ ಅದಕ್ಕಿಂತ ಮೊದಲು ಬಣ್ಣ ಕಂಡ ತೊಟ್ಟಿಲು, ಮಂಚ, ಕಿಟಕಿ, ಬಾಗಿಲಿನಲ್ಲಿ ಸೀಸ ಇದೆ ಅಂದುಕೊಂಡೇ ಕೆಲಸ ಮಾಡುವುದು ಕ್ಷೇಮ.

ಬಣ್ಣ ಗಟ್ಟಿಯಾಗಿ ಕೂತಿರುವ ತನಕ ತೊಂದರೆ ಕಡಿಮೆ. ಉಜ್ಜಿದಾಗ ಏಳುವ ಧೂಳೇ ಅಪಾಯ. ಅದು ನೆಲದ ಮೇಲೆ ಕೂರುತ್ತದೆ, ಅಂಬೆಗಾಲಿಡುವ ಮಗುವಿನ ಕೈಗೆ ಹತ್ತುತ್ತದೆ, ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ, ಒಮ್ಮೆ ಆದ ಹಾನಿ ಪೂರ್ತಿ ಸರಿಹೋಗುವುದಿಲ್ಲ. ಗರ್ಭಿಣಿಯರೂ ಈ ಧೂಳಿನಿಂದ ದೂರ ಇರಬೇಕು.

ಹಾಗಾದರೆ ಏನು ಮಾಡೋದು? ಒಣ ಮೇಲ್ಮೈಯನ್ನು ಹಾಗೇ ಉಜ್ಜಬೇಡಿ. ನೀರಿಗೆ ತಡೆಯುವ ವಾಟರ್ ಪೇಪರ್ ಸಿಗುತ್ತದೆ, ಮೇಲ್ಮೈ ಒದ್ದೆ ಮಾಡಿಕೊಂಡು ಅದರಲ್ಲಿ ಉಜ್ಜಿ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಎನ್95 ಮಾಸ್ಕ್ ಹಾಕಿ, ಸುಮ್ನೆ ಟವೆಲ್ ಕಟ್ಟಿಕೊಂಡರೆ ಸಾಲದು. ಮುಗಿದ ಮೇಲೆ ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬೆಂಕಿ ಹಿಡಿದು ಬಣ್ಣ ಸುಟ್ಟು ಕೆರೆಯುವ ಪದ್ಧತಿ ಕೆಲವು ಕಡೆ ಇದೆ, ಅದು ಬೇಡವೇ ಬೇಡ. ಕಾವಿಗೆ ಸೀಸ ಹೊಗೆಯಾಗಿ ಮೂಗಿಗೇ ಬರುತ್ತದೆ. ಬಣ್ಣ ಗಟ್ಟಿಯಾಗಿಯೇ ಇದ್ದರೆ ಕೀಳುವ ಗೋಜಿಗೇ ಹೋಗದೆ, ಒದ್ದೆಯಾಗಿ ಸ್ವಲ್ಪ ಉಜ್ಜಿ ಮೇಲೆ ಬಳಿಯುವುದು ಎಷ್ಟೋ ಮೇಲು.

ನಮ್ಮ ಕಡೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಬಣ್ಣ ಬಳಿದ ಹಳೇ ಹಲಗೆ, ಮುರಿದ ಕಿಟಕಿ ಚೌಕಟ್ಟು ಸ್ನಾನದ ಹಂಡೆ ಒಲೆಗೆ ಹೋಗುವುದು ಮಾಮೂಲು. ದಯವಿಟ್ಟು ಹಾಕಬೇಡಿ. ಸೀಸದ ಒಂದಷ್ಟು ಭಾಗ ಹೊಗೆಯಲ್ಲಿ ಹೋದರೆ ಉಳಿದದ್ದು ಬೂದಿಯಲ್ಲಿರುತ್ತದೆ. ಅದೇ ಬೂದಿಯಲ್ಲಿ ಪಾತ್ರೆ ತಿಕ್ಕುತ್ತೇವೆ, ಅದನ್ನೇ ಸೊಪ್ಪಿನ ಮಡಿಗೆ ಹಾಕುತ್ತೇವೆ.

## ತೊಳೆಯುವುದು, ಹುಳು ನೋಡುವುದು

ಉಜ್ಜುವ ಮೊದಲು ತೊಳೆಯಬೇಕು. ಈ ಕ್ರಮ ತಿರುವುಮುರುವಾದರೆ ಮೇಲಿನ ಜಿಡ್ಡು ಮರದ ಎಳೆಯೊಳಗೇ ಸೇರಿಕೊಳ್ಳುತ್ತದೆ. ದೇವರ ಮನೆಯ ಮಂಟಪದಲ್ಲಿ ದೀಪದ ಎಣ್ಣೆ, ಕುಂಕುಮ. ಅಡುಗೆ ಮನೆಯ ಬೀರುವಿನಲ್ಲಿ ಒಗ್ಗರಣೆ ಹೊಗೆ. ಕುರ್ಚಿಯ ಕೈಯಲ್ಲಿ ವರ್ಷಗಳ ಬೆವರು. ಸೌಮ್ಯವಾದ ಸೋಪು ನೀರಿನಲ್ಲಿ ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ ಒರೆಸಿ. ಮತ್ತೆ ಬರೀ ನೀರಿನ ಬಟ್ಟೆ, ಆಮೇಲೆ ಒಣ ಬಟ್ಟೆ. ಬಕೆಟ್ ಸುರಿಯಬೇಡಿ, ಮರ ಜೋಡಿಸಿದ ಕೂಡು ಬಿಡುತ್ತದೆ. ಎಷ್ಟೋ ಸಾಮಾನಿಗೆ ಬೇಕಾಗಿದ್ದದ್ದು ಇಷ್ಟೇ ಅಂತ ಈ ಹಂತದಲ್ಲಿ ಗೊತ್ತಾಗುತ್ತದೆ. ಕಪ್ಪಾಗಿದ್ದದ್ದು ಮರವಲ್ಲ, ಕೊಳೆ.

ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದೆಯಾ, ಮರದಲ್ಲಿ ಗುಂಡುಸೂಜಿ ತಲೆಯಷ್ಟು ತೂತುಗಳಿವೆಯಾ ನೋಡಿ. ಅದು ಕುಟ್ಟೆ. ಒರೆಸಿ ಬಿಟ್ಟ ಮೇಲೆ ಮತ್ತೆ ಹೊಸ ಪುಡಿ ಬಿದ್ದರೆ ಹುಳು ಒಳಗಿದೆ ಅಂತ ಅರ್ಥ. ಕುಟ್ಟೆ ಹೆಚ್ಚಾಗಿ ತಿನ್ನುವುದು ಮರದ ಹೊರಗಿನ ಬಿಳಿ ಭಾಗವನ್ನು, ಅಲ್ಲಿ ಪಿಷ್ಟ ಇರುತ್ತದೆ. ಕೆಚ್ಚಿನ, ಅಂದರೆ ಒಳಗಿನ ಗಟ್ಟಿ ಭಾಗದ, ತಂಟೆಗೆ ಕಡಿಮೆ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಕುಟ್ಟೆ ಔಷಧಿಯನ್ನು ಸಿರಿಂಜಿನಲ್ಲಿ ತೂತುಗಳಿಗೆ ಬಿಟ್ಟು, ಪುಡಿ ನಿಂತದ್ದು ಖಾತ್ರಿಯಾದ ಮೇಲೆಯೇ ತೂತು ಮುಚ್ಚಿ. ಗೆದ್ದಲಿನ ಲೆಕ್ಕ ಬೇರೆ. ಅದು ನೆಲದಿಂದ ಮಣ್ಣಿನ ದಾರಿ ಕಟ್ಟಿಕೊಂಡು ಬರುತ್ತದೆ. ಆ ದಾರಿ ಎಲ್ಲಿಂದ ಬಂತು ಹುಡುಕದೆ ಮಂಚಕ್ಕೆ ಮಾತ್ರ ಔಷಧಿ ಹಾಕಿದರೆ ಪ್ರಯೋಜನವಿಲ್ಲ.

ಅಲ್ಲಾಡುವ ಕೂಡು ಬಿಗಿ ಮಾಡುವಾಗ ಹಳೇ ಅಂಟನ್ನು ಕೆರೆದು ತೆಗೆಯಿರಿ. ಫೆವಿಕಾಲ್ ಥರದ ಬಿಳಿ ಅಂಟು ಹಿಡಿಯುವುದು ಮರದ ಎಳೆಯನ್ನು, ಹಳೇ ಅಂಟನ್ನಲ್ಲ.

## ಉಜ್ಜುಕಾಗದದ ನಂಬರ್

ಸ್ಯಾಂಡ್ ಪೇಪರ್ ಹಿಂದೆ 80, 120, 180, 220 ಅಂತ ನಂಬರ್ ಇರುತ್ತದೆ. ನಂಬರ್ ಹೆಚ್ಚಾದಷ್ಟೂ ಕಾಗದ ನಯ. ಪಾಲಿಶ್ ಪೂರ್ತಿ ತೆಗೆದು ಬರಿಯ ಮರಕ್ಕೆ ಹೋಗಬೇಕಾದರೆ 80 ಅಥವಾ 120ರಿಂದ ಶುರು ಮಾಡಿ 180, 220ಕ್ಕೆ ಬನ್ನಿ. 80ರಿಂದ ಸೀದಾ 220ಕ್ಕೆ ಹಾರಿದರೆ 80 ಬಿಟ್ಟ ಗೀರುಗಳು ಹಾಗೇ ಉಳಿಯುತ್ತವೆ, ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತವೆ. ಹಳೇ ಪದರ ಗಟ್ಟಿಯಾಗಿದ್ದು ಮೇಲೆ ಬಣ್ಣ ಬಳಿಯುವುದಷ್ಟೇ ಆದರೆ 180 ಅಥವಾ 220ರಲ್ಲಿ ಹೊಳಪು ಹೋಗುವ ತನಕ ಉಜ್ಜಿದರೆ ಸಾಕು. ಯಾವಾಗಲೂ ಎಳೆಯ ಉದ್ದಕ್ಕೇ ಉಜ್ಜಿ, ಅಡ್ಡಕ್ಕೆ ಬೇಡ.

ಉಜ್ಜುವ ಬದಲು ಪೇಂಟ್ ರಿಮೂವರ್ ಹಚ್ಚಿ ಕೆರೆಯಬಹುದು. ಆದರೆ ಅದರಲ್ಲಿ ಡೈಕ್ಲೋರೋಮೀಥೇನ್ ಎಂಬ ರಾಸಾಯನಿಕ ಇದೆಯಾ ಅಂತ ಲೇಬಲ್ ಓದಿ. ಮುಚ್ಚಿದ ಕೋಣೆಯಲ್ಲಿ ಅದರ ಆವಿ ಕುಡಿದವರ ಪ್ರಾಣವೇ ಹೋಗಬಹುದು. ಎನ್95 ತಡೆಯುವುದು ಧೂಳನ್ನು, ಆವಿಯನ್ನಲ್ಲ. ಬಯಲಿನಲ್ಲೇ, ಗ್ಲೌಸ್ ಹಾಕಿಕೊಂಡೇ ಮಾಡಬೇಕಾದ ಕೆಲಸ ಅದು.

## ಫ್ರೆಂಚ್ ಪಾಲಿಶ್: ಹೆಸರು ಫ್ರೆಂಚ್, ಅರಗು ನಮ್ಮದು

ಮರದ ಎಳೆ ಚೆನ್ನಾಗಿದ್ದರೆ ಅದನ್ನು ಬಣ್ಣದಲ್ಲಿ ಮುಚ್ಚುವ ಮುಂಚೆ ಇದನ್ನು ಯೋಚಿಸಿ. ತೇಗ, ಬೀಟೆ, ಹಲಸಿನ ಕೆಚ್ಚಿಗೆ ಅರಗಿನ ಪಾಲಿಶ್ ಕೊಡುವ ಹೊಳಪನ್ನು ಬಣ್ಣ ಕೊಡಲಾರದು.

ಅರಗು ಒಂದು ಪುಟ್ಟ ಕೀಟದ ಸ್ರಾವ. ಮುತ್ತುಗ, ಎಲಚಿಯಂಥ ಮರಗಳ ರೆಂಬೆಗಳ ಮೇಲೆ ಆ ಕೀಟ ಅರಗು ಕಟ್ಟುತ್ತದೆ. ಅದನ್ನು ಕೆರೆದು, ತೊಳೆದು, ಕರಗಿಸಿ ತೆಳು ಚಕ್ಕೆ ಮಾಡುತ್ತಾರೆ. ದೇಶದಲ್ಲಿ ಹೆಚ್ಚು ಅರಗು ಬರುವುದು ಜಾರ್ಖಂಡ್ ಕಡೆಯಿಂದ. ರಾಂಚಿಯಲ್ಲಿ ಅರಗಿನ ಸಂಶೋಧನೆಗೆ ಅಂತಲೇ 1924ರಲ್ಲಿ ಒಂದು ಸಂಸ್ಥೆ ಶುರುವಾಯಿತು. ನಮ್ಮ ಚನ್ನಪಟ್ಟಣದ ಗೊಂಬೆಗಳ ಮೇಲಿರುವುದೂ ಅರಗೇ. ಅಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ತಿಕ್ಕಾಟದ ಕಾವಿಗೆ ಅರಗು ಕರಗಿ ಅಂಟುತ್ತದೆ. ಪಾಲಿಶ್‌ನಲ್ಲಿ ಕಾವಿನ ಬದಲು ಸ್ಪಿರಿಟ್ ಕರಗಿಸುತ್ತದೆ, ಅಷ್ಟೇ.

ಒಂದು ಲೀಟರ್ ಸ್ಪಿರಿಟ್‌ಗೆ 200ರಿಂದ 250 ಗ್ರಾಂ ಚಕ್ಕೆ ಹಾಕಿ ಒಂದು ದಿನ ಬಿಡಿ. ನಡುನಡುವೆ ಅಲ್ಲಾಡಿಸಿ. ಗಾಜಿನ ಬಾಟಲಿಯೇ ಆಗಬೇಕು, ಕಬ್ಬಿಣದ ಡಬ್ಬಿಯಲ್ಲಿಟ್ಟರೆ ಪಾಲಿಶ್ ಕಪ್ಪಾಗುತ್ತದೆ. ಕರಗಿದ ಮೇಲೆ ತೆಳು ಬಟ್ಟೆಯಲ್ಲಿ ಸೋಸಿ. ಒಮ್ಮೆ ಕಲಸಿದ್ದನ್ನು ಆರು ತಿಂಗಳೊಳಗೆ ಬಳಸಿಬಿಡಿ. ಹಳತಾದರೆ ಎಷ್ಟು ಹೊತ್ತಾದರೂ ಒಣಗದೆ ಅಂಟಂಟಾಗೇ ಇರುತ್ತದೆ.

ಹಚ್ಚಲು ಬ್ರಷ್‌ಗಿಂತ ಬಟ್ಟೆಯ ಉಂಡೆ ಒಳ್ಳೆಯದು. ಒಗೆದು ಒಗೆದು ಮೆತ್ತಗಾದ ಹಳೇ ಪಂಚೆಯ ತುಂಡು, ಅದರೊಳಗೆ ನಿಂಬೆಹಣ್ಣಿನ ಗಾತ್ರದ ಹತ್ತಿ. ಪಾಲಿಶ್ ಹಾಕುವುದು ಒಳಗಿನ ಹತ್ತಿಗೆ, ಬಟ್ಟೆಯ ಮೇಲಲ್ಲ. ಒತ್ತಿದಾಗ ಬಟ್ಟೆಯಿಂದ ಸ್ವಲ್ಪವೇ ಜಿನುಗಬೇಕು. ಕೆಳಮುಖದಲ್ಲಿ ಒಂದು ಸುಕ್ಕೂ ಇರಬಾರದು, ಇದ್ದರೆ ಗೆರೆ ಬೀಳುತ್ತದೆ. ಅಂಚಿನಿಂದ ಒಳಗೆ ಜಾರಿಸುತ್ತಾ ಬಂದು, ಸುತ್ತು ಸುತ್ತಾಗಿ ಆಡಿಸಿ, ಇನ್ನೊಂದು ಅಂಚಿನಿಂದ ಹೊರಗೆ ಹೋಗಬೇಕು. ನಡುವೆ ನಿಲ್ಲಿಸಲೇಬಾರದು. ನಿಲ್ಲಿಸಿದ ಕ್ಷಣ ಸ್ಪಿರಿಟ್ ಕೆಳಗಿನ ಪದರವನ್ನು ಕರಗಿಸಿ ಬಟ್ಟೆಯ ಗುರುತು ಮೂಡಿಸುತ್ತದೆ. ಸ್ಪಿರಿಟ್ ಆವಿಯಾಗುವುದೇ ಇದರ ಒಣಗುವಿಕೆ, ಅದಕ್ಕೇ ಅರ್ಧ ಗಂಟೆಯಲ್ಲಿ ಮುಂದಿನ ಕೋಟ್ ಹಾಕಬಹುದು. ಒಲೆ, ದೀಪ, ಬೀಡಿ ಮಾತ್ರ ಹತ್ತಿರ ಇರಕೂಡದು.

ಕೊರತೆಯೂ ಇದೆ. ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ. ಅದು ಪದರದೊಳಗೆ ಸಿಕ್ಕಿಕೊಂಡ ತೇವ. ಸ್ಪಿರಿಟ್ ಸೋಕಿಸಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಹಗುರವಾಗಿ ಸವರಿದರೆ ಮೇಲಿನ ಪದರ ಒಂದಿಷ್ಟು ಕರಗಿ ತೇವ ಹೊರಗೆ ಹೋಗುತ್ತದೆ, ಬಹಳ ಸಲ ಉಂಗುರವೂ ಮಾಯವಾಗುತ್ತದೆ. ಊಟದ ಟೇಬಲ್‌ಗೆ ಈ ಪಾಲಿಶ್ ಹೊಂದುವುದಿಲ್ಲ. ಪೆಟ್ಟಿಗೆ, ಕುರ್ಚಿ, ಮಂಚ, ಕನ್ನಡಿ ಚೌಕಟ್ಟಿಗೆ ಇದಕ್ಕಿಂತ ಒಳ್ಳೆಯದು ಮನೆಯಲ್ಲಿ ಮಾಡಲು ಸಿಗುವುದಿಲ್ಲ ಎಂಬುದು ನನ್ನ ಅನಿಸಿಕೆ.

## ಬಣ್ಣವೇ ಬೇಕು ಅಂದರೆ

ಮರ ಬೇರೆ ಬೇರೆ ಜಾತಿಯದ್ದು, ಅಲ್ಲಲ್ಲಿ ಪುಟ್ಟಿ ತುಂಬಿದೆ, ಕಲೆ ಹೋಗುವುದಿಲ್ಲ. ಅಂಥ ಸಾಮಾನಿಗೆ ಬಣ್ಣವೇ ಸರಿ.

ಮೊದಲು ಪ್ರೈಮರ್. ಇದು ಮರಕ್ಕೂ ಬಣ್ಣಕ್ಕೂ ನಡುವೆ ಕೂತು ಎರಡನ್ನೂ ಹಿಡಿದುಕೊಳ್ಳುವ ಪದರ. ಇಲ್ಲಿ ತೇಗ ಮತ್ತು ಹಲಸಿನ ವಿಚಾರದಲ್ಲಿ ಎಚ್ಚರ ಬೇಕು. ತೇಗದ ಬಣ್ಣ, ಎಣ್ಣೆ ಮೇಲಕ್ಕೆ ಜಿನುಗುತ್ತವೆ. ಹಲಸಿನ ಕೆಚ್ಚಿನಲ್ಲಂತೂ ಬಟ್ಟೆಗೆ ಹಾಕುವಂಥ ಹಳದಿ ಬಣ್ಣವೇ ಇದೆ. ಆಗ್ನೇಯ ಏಷ್ಯಾದಲ್ಲಿ ಬೌದ್ಧ ಭಿಕ್ಷುಗಳ ವಸ್ತ್ರಕ್ಕೆ ಹಲಸಿನ ಕೆಚ್ಚನ್ನು ಕುದಿಸಿ ಬಣ್ಣ ಹಾಕುತ್ತಿದ್ದರು. ಅಂಥ ಮರದ ಮೇಲೆ ನೀರಿನಲ್ಲಿ ಬೆರೆಸುವ ಬಿಳಿ ಬಣ್ಣ ಸೀದಾ ಬಳಿದರೆ ನೀರು ಒಳಗಿನ ಹಳದಿಯನ್ನು ಎಳೆದು ತರಬಹುದು. ಎಷ್ಟು ಕೋಟ್ ಬಳಿದರೂ ಕಲೆ ಮತ್ತೆ ಮತ್ತೆ ಮೂಡುತ್ತದೆ. ಇದಕ್ಕೆ ತಡೆ ಅರಗೇ. ಒಂದೆರಡು ಕೋಟ್ ಅರಗಿನ ಪಾಲಿಶ್ ಹಚ್ಚಿ ಒಣಗಿಸಿ, ಅದರ ಮೇಲೆ ಪ್ರೈಮರ್ ಬಳಿದರೆ ಕಲೆ ಕೆಳಗೇ ಉಳಿಯುತ್ತದೆ.

ವಿಡಿಯೊಗಳಲ್ಲಿ ಕಾಣುವ ಚಾಕ್ ಪೇಂಟ್ ಸುಣ್ಣಕಲ್ಲಿನ ಪುಡಿ ಬೆರೆತ ನೀರಿನ ಬಣ್ಣ. ಹೊಳಪಿಲ್ಲ, ಜಾಸ್ತಿ ಉಜ್ಜದೆಯೂ ಹಿಡಿಯುತ್ತದೆ, ಅದು ನಿಜ. ಆದರೆ ಕಲೆ ಜಿನುಗುವುದನ್ನು ಅದು ತಡೆಯುವುದಿಲ್ಲ. ಮೇಲೆ ಮೇಣ ಅಥವಾ ವಾರ್ನಿಷ್ ಹಚ್ಚದಿದ್ದರೆ ಒದ್ದೆ ಕೈ ತಾಗಿದಲ್ಲೆಲ್ಲ ಗುರುತು.

ಎರಡು ಡಬ್ಬಿ ಬೆರೆಸಿ ಸ್ಪ್ರೇ ಮಾಡುವ ಪಿಯು ಬಹಳ ಗಟ್ಟಿ, ನೀರಿಗೂ ಬಿಸಿಗೂ ಜಗ್ಗುವುದಿಲ್ಲ. ಆದರೆ ಅದನ್ನು ಗಟ್ಟಿ ಮಾಡಲು ಬೆರೆಸುವ ಹಾರ್ಡ್‌ನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಉಸಿರಿನಲ್ಲಿ ಹೋದರೆ ಆಸ್ತಮಾ ತರಬಲ್ಲದು. ಅದನ್ನು ಸರಿಯಾದ ಮಾಸ್ಕ್, ಗಾಳಿ ವ್ಯವಸ್ಥೆ ಇರುವ ಕೆಲಸಗಾರರಿಗೇ ಬಿಡಿ. ಮನೆಯಲ್ಲಿ ಬ್ರಷ್‌ನಲ್ಲಿ ಹಚ್ಚಲು ನೀರಿನ ಪಿಯು ಸಿಗುತ್ತದೆ.

## ಮುಟ್ಟಿದರೆ ಒಣಗಿದೆ, ಆದರೂ ಯಾಕೆ ಕಾಯಬೇಕು?

ಇನಾಮೆಲ್ ಕೆಲವು ಗಂಟೆಗಳಲ್ಲಿ ಕೈಗೆ ಅಂಟದಷ್ಟು ಒಣಗುತ್ತದೆ, ಮರುದಿನ ಎರಡನೇ ಕೋಟ್ ಹಾಕಬಹುದು. ಪೂರ್ತಿ ಗಟ್ಟಿಯಾಗಲು ಎರಡು ವಾರವೋ ಇನ್ನೂ ಹೆಚ್ಚೋ ಬೇಕು. ಹೆಪ್ಪು ಹಾಕಿದ ಹಾಲನ್ನು ನೋಡಿ. ಮೇಲೆ ಕೆನೆ ಕಟ್ಟಿ ಮೊಸರಾದಂತೆ ಕಂಡರೂ ಬೇಗ ಅಲ್ಲಾಡಿಸಿದರೆ ಒಡೆದುಹೋಗುತ್ತದೆ. ಬಣ್ಣವೂ ಹಾಗೆ: ಎಣ್ಣೆ ಬಣ್ಣ ಗಾಳಿಯ ಆಮ್ಲಜನಕ ಹೀರಿಕೊಂಡು ಮೇಲಿನಿಂದ ಕೆಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ದಪ್ಪಗೆ ಬಳಿದರೆ ಮೇಲೆ ಪೊರೆ ಕಟ್ಟಿ ಒಳಗೆ ಹಸಿಯಾಗೇ ಉಳಿಯುತ್ತದೆ. ಅದಕ್ಕೇ ಒಂದು ದಪ್ಪ ಕೋಟ್‌ಗಿಂತ ಎರಡು ಮೂರು ತೆಳು ಕೋಟ್ ಮೇಲು. ಅಲ್ಲಿಯವರೆಗೆ ಮೇಲೆ ಭಾರ ಇಡಬೇಡಿ, ಪೇಪರ್ ಹಾಸಬೇಡಿ, ಅಂಟಿಕೊಳ್ಳುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಅನುಕೂಲದ ಕಾಲ ಸಂಕ್ರಾಂತಿಯಿಂದ ಯುಗಾದಿವರೆಗೆ. ಗಾಳಿಯಲ್ಲಿ ತೇವ ಕಡಿಮೆ. ಮಳೆಗಾಲದಲ್ಲಿ ಅರಗಿನ ಪಾಲಿಶ್ ಮತ್ತು ಲ್ಯಾಕರ್ ಬೆಳ್ಳಗೆ ಮಂಜಾಗುತ್ತವೆ, ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವವನ್ನು ಹಿಡಿಯುತ್ತದೆ. ಆಷಾಢದ ಗಾಳಿಯಲ್ಲಿ ಧೂಳು ಬಂದು ಹಸಿ ಬಣ್ಣಕ್ಕೆ ಕೂರುತ್ತದೆ. ಬೇಸಿಗೆಯ ನೇರ ಬಿಸಿಲೂ ಬೇಡ, ಬಣ್ಣ ಗುಳ್ಳೆ ಏಳುತ್ತದೆ. ಬೆಳಗ್ಗೆ, ನೆರಳಿನಲ್ಲಿ, ಅಂಗಳಕ್ಕೆ ಸ್ವಲ್ಪ ನೀರು ಚಿಮುಕಿಸಿ ಧೂಳು ಅಡಗಿಸಿಕೊಂಡು ಮಾಡಿ.

## ಉಳಿದ ಚಿಂದಿ, ಉಳಿದ ಥಿನ್ನರ್

ಪಾಲಿಶ್ ಬದಲು ಅಗಸೆ ಎಣ್ಣೆ ಹಚ್ಚುವವರು ಇದನ್ನು ತಪ್ಪದೆ ತಿಳಿದಿರಬೇಕು. ಅಗಸೆ ಎಣ್ಣೆ ಒಣಗುವಾಗ ಕಾವು ಹೊರಡುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಕಾವು ಒಳಗೇ ಕೂಡಿಕೊಂಡು, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಬಯಲಿನಲ್ಲಿ ಬಿಡಿಬಿಡಿಯಾಗಿ ಹರಡಿ ಗಟ್ಟಿಯಾಗುವ ತನಕ ಒಣಗಿಸಿ, ಅಥವಾ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿ. ಥಿನ್ನರನ್ನು ಚರಂಡಿಗೆ ಸುರಿಯಬೇಡಿ. ಬ್ರಷ್ ತೊಳೆದ ಥಿನ್ನರನ್ನು ಬಾಟಲಿಯಲ್ಲಿ ಮುಚ್ಚಿಟ್ಟರೆ ಬಣ್ಣ ತಳಕ್ಕೆ ಕೂರುತ್ತದೆ, ಮೇಲಿನ ತಿಳಿಯನ್ನು ಮುಂದಿನ ಸಲ ಬ್ರಷ್ ತೊಳೆಯಲು ಬಳಸಬಹುದು. ತಳದ ಗಸಿಯನ್ನು ಬಯಲಿನಲ್ಲಿ ಹಳೇ ಪೇಪರ್ ಮೇಲೆ ಒಣಗಿಸಿ, ಸೀಸದ ಧೂಳು ಒರೆಸಿದ ಬಟ್ಟೆಯ ಜೊತೆ ಒಂದು ಕವರಿನಲ್ಲಿ ಕಟ್ಟಿ, ಹಸಿ ಕಸಕ್ಕೆ ಸೇರಿಸದೆ ಬೇರೆಯಾಗಿ ಕಸದ ಗಾಡಿಗೆ ಕೊಡಿ.